ಕೊನೆಯ ಸೀಟಿನ ಇಬ್ಬರು

ಕೊನೆಯ ಸೀಟಿನ ಇಬ್ಬರನ್ನು ಇಳಿಸಿ
ಇವತ್ತಿಗೆ ಏಳು ದಿನ.
ಇಪ್ಪತ್ತೊಂಬತ್ತು ವರ್ಷ ಟಿಕೆಟ್ಟಿಲ್ಲದೆ ಕೂತಿದ್ದರು,
ಚಳಿ ಬಂತೆಂದರೆ ಊದಿಕೊಂಡು
ಯಾರಿಗೂ ದಾರಿ ಬಿಡುತ್ತಿರಲಿಲ್ಲ,
ನೀರಿಗೂ, ನನ್ನದೇ ಎಂಜಲಿಗೂ.
ಡಾಕ್ಟರು ಸ್ಟೀಲ್ ತಟ್ಟೆಯಲ್ಲಿಟ್ಟು ತೋರಿಸಿದರಂತೆ.
ನನಗೆ ಎಚ್ಚರವಿರಲಿಲ್ಲ, ನೋಡಿದವನು ಎಫ್ರಾಯಿನ್,
ನಮ್ಮ ವ್ಯಾನಿನ ಡ್ರೈವರು.
'ಇಷ್ಟೇನಾ,' ಅಂದನಂತೆ, 'ಎರಡು ಆಲಿವ್ ಕಾಯಿ.'

ನಾನು ವ್ಯಾನಿನ ಬಾಗಿಲಿಗೆ ಜೋತುಬಿದ್ದು
ಕೂಗಿ ಉಣ್ಣುವವಳು.
ಲಿಮಾದ ರಸ್ತೆಯಲ್ಲಿ ಬೆಳಗಿನ ಐದರಿಂದ
'ಬ್ರಸೀಲ್ ಬ್ರಸೀಲ್ ಬ್ರಸೀಲ್, ಹತ್ತಿ ಹತ್ತಿ,
ಒಳಗೆ ಜಾಗ ಇದೆ.'
(ಎಂದೂ ಇರುವುದಿಲ್ಲ.)
ಬಾಯಿದ್ದವಳು ಬರಗಾಲದಲ್ಲೂ ಬದುಕಿದಳು.
ಬಾಯಿ ಇದೆ ಈಗಲೂ,
ಅದರೊಳಗೆ ಹೋಗಲು ನನಗೇ ಭಯ.

ಕನ್ನಡಿಯೆದುರು ಮೊಬೈಲಿನ ಟಾರ್ಚು ಹಿಡಿದು
'ಆ' ಅಂದರೆ
ಕಿರುನಾಲಿಗೆಯ ಎರಡೂ ಬದಿ ಬೂದು ಬಿಳಿ ಪೊರೆ,
ಥೇಟ್ ಜುಲೈ ತಿಂಗಳ ನಮ್ಮೂರ ಆಕಾಶ.
ಕತ್ತೆಯ ಹೊಟ್ಟೆ ಅನ್ನುತ್ತೇವೆ ಅದನ್ನು,
ಮಳೆಯೂ ಸುರಿಸದು, ಬಿಸಿಲೂ ಬಿಡದು.
ಕೀವಲ್ಲ ಅದು, ಅಂದಳು ಫೋನಿನಲ್ಲಿ ನರ್ಸು,
ಗಾಯದ ಹಕ್ಕಳೆ. ಕೆರೆಯಬೇಡ, ಕೀಳಬೇಡ,
ಹೊತ್ತು ಬಂದಾಗ ತಾನೇ ಹೋಗುತ್ತದೆ.
ಕೆಂಪು ರಕ್ತ ಕಂಡರೆ ಮಾತ್ರ
ಕೂತಿರಬೇಡ, ಓಡಿ ಬಾ.

ಅವಳು ಹೇಳದೇ ಬಿಟ್ಟದ್ದು ವಾಸನೆ.
ಮಧ್ಯಾಹ್ನದ ಮೀನು ಮಾರ್ಕೆಟ್ಟು,
ತೊಳೆಯದೆ ಮರೆತ ಊಟದ ಡಬ್ಬಿ,
ಸಮಾಧಿಯ ಮುಂದಿನ ಹೂದಾನಿಯ ನೀರು.
ನನ್ನ ಉಸಿರು ನನಗೇ ತಾಗಿ ಮುಖ ತಿರುಗಿಸುತ್ತೇನೆ,
ಎತ್ತ ತಿರುಗಿದರೂ ಅದೇ ಮೊದಲು ಹೋಗಿ ನಿಂತಿರುತ್ತದೆ.
ಮೂರು ದಿನ ಹಲ್ಲುಜ್ಜಲಿಲ್ಲ, ಸುಳ್ಳು ಯಾಕೆ ಹೇಳಲಿ,
ಬಾಯಿ ತೆರೆದರೆ ಕಿವಿಯೊಳಗೆ ಮೊಳೆ ಹೊಡೆದ ಹಾಗೆ.
ಎದುರುಮನೆಯ ಕ್ರಿಸಾಂತಾ ಲೋಟದಲ್ಲಿ ಸಾರಾಯಿ ತಂದಳು:
'ಒಂದೇ ಗುಟುಕು ಮುಕ್ಕಳಿಸು,
ಕ್ರಿಮಿಗಳ ಮುತ್ತಜ್ಜಿಯೂ ಉಳಿಯುವುದಿಲ್ಲ.'
ನಾನೂ ಉಳಿಯುತ್ತಿರಲಿಲ್ಲ.
ತಲೆಯಾಡಿಸಿದೆ. ಅವಳೇ ಕುಡಿದು ಹೋದಳು.

ನಾಲ್ಕನೆಯ ರಾತ್ರಿ ಬಂದಳು ನಾಯೆಲಿ, ನನ್ನ ಮಗಳು,
ಮುಂದಿನ ಎರಡು ಹಲ್ಲು ಬಿದ್ದವಳು.
ಶಾಲೆಯಲ್ಲಿ ಕೊಟ್ಟ ಬ್ರಷ್ಷು, ಹಿಡಿಕೆಯಲ್ಲಿ ಪೆಂಗ್ವಿನ್,
ಪ್ಯಾಕೆಟ್ಟು ಒಡೆಯದೆ ಯಾವುದೋ ಹಬ್ಬಕ್ಕೆಂದು ಕಾಪಾಡಿದ್ದು.
ಎಷ್ಟು ರಾತ್ರಿ ಅವಳ ದವಡೆ ಹಿಡಿದು ಗದರಿದ್ದೇನೆ:
ಬಿಡು ಬಾಯಿ, ಹಿಂದಿನದೂ ಉಜ್ಜು!
ಅವಳು ಗದರಲಿಲ್ಲ.
ಬಿಸಿನೀರಲ್ಲಿ ಬ್ರಷ್ಷನ್ನು ನೆನೆಸಿ ಮೆತ್ತಗೆ ಮಾಡಿ
ಅಕ್ಕಿಕಾಳಿನಷ್ಟು ಪೇಸ್ಟು ಹಚ್ಚಿ ಅಂದಳು:
'ಹಿಂದಕ್ಕೆ ಹೋಗಲ್ಲ, ಅಮ್ಮಾ.
ಮುಂದಿನ ಸೀಟಿನವರಿಗೆ ಮಾತ್ರ.'

ಆಮೇಲೆ ಕುದಿಸಿ ಆರಿಸಿದ ನೀರು, ಚಿಟಿಕೆ ಉಪ್ಪು.
ಗಳಗಳ ಅನ್ನಿಸುವಂತಿಲ್ಲ, ಥೂ ಎಂದು ಉಗಿಯುವಂತಿಲ್ಲ.
ಬಾಯಿ ತುಂಬಿಕೊಂಡು ತಲೆಯನ್ನು
ಅತ್ತ ಒಮ್ಮೆ, ಇತ್ತ ಒಮ್ಮೆ,
ತಿರುವಿನಲ್ಲಿ ವ್ಯಾನು ವಾಲುವ ಹಾಗೆ ವಾಲಿಸಿ
ಬೇಸಿನ್ನಿನ ಮೇಲೆ ಬಗ್ಗಿ ಸುಮ್ಮನೆ ಬಾಯಿ ಬಿಡಬೇಕು.
ಇಳಿಯುವುದು ಇಳಿಯುತ್ತದೆ.
ನನ್ನ ಸೊಂಟದೆತ್ತರದಲ್ಲಿ ನಿಂತು
ನನ್ನದೇ ಧಾಟಿಯಲ್ಲಿ ಅವಳ ಕೂಗು:
'ನಿಧಾನ, ನಿಧಾನ, ಬಲಗಾಲು ಮೊದಲು, ಬಲಗಾಲು!'
ನಗು ಬಂತು. ನಕ್ಕರೆ ಪ್ರಾಣ ಹೋಗುತ್ತದೆ.
ಮೂಗಿನಲ್ಲಿ ನಕ್ಕೆ.

ಇವತ್ತು ಬೆಳಿಗ್ಗೆ
ಉಪ್ಪುನೀರಿನ ಜೊತೆ ಬಿತ್ತು ಒಂದು ಚೂರು,
ನೆನೆದ ಬ್ರೆಡ್ಡಿನ ಅಂಚಿನಂಥದ್ದು.
ಉಸಿರು ಬಿಗಿಹಿಡಿದು ಬೇಸಿನ್ನನ್ನೇ ನೋಡಿದೆವು ಇಬ್ಬರೂ.
ಕೆಂಪಿಲ್ಲ.
ಮತ್ತೂ ನೋಡಿದೆವು.
ಇಲ್ಲ.

ನಾಯೆಲಿ ಸ್ಟೂಲು ಹತ್ತಿ ಮೂಸಿ ನೋಡಿದಳು,
ಮೂಗು ಮುರಿದಳು, ಲೆಕ್ಕ ಹಾಕಿದಳು:
'ನಾರುತ್ತೆ. ನಿನ್ನೆಗಿಂತ ಎರಡು ಸ್ಟಾಪು ಕಮ್ಮಿ.'

ಕೆಳಗೆ ರಸ್ತೆಯಲ್ಲಿ ನಮ್ಮ ವ್ಯಾನಿನ ಹಾರ್ನು.
ನನ್ನ ಬಾಗಿಲಿಗೆ ಜೋತುಬಿದ್ದ ಯಾವನೋ ಹುಡುಗ
ಬ್ರಸೀಲನ್ನು ಬಸಳೆಸೊಪ್ಪು ಮಾರುವಂತೆ ಎಳೆಯುತ್ತಿದ್ದಾನೆ.
ನಾನು ಬ್ರಷ್ಷು ತೊಳೆದು, ಕೊಡವಿ,
ಪೆಂಗ್ವಿನ್ನಿನ ತಲೆ ಮೇಲಾಗಿ ಲೋಟದಲ್ಲಿ ನಿಲ್ಲಿಸಿದೆ.